ಗುಮಾಸ್ತರ ಇನ್ನೊಂದು ಲೆಕ್ಕದ ಪುಸ್ತಕ: ಡೆಂಗಿ ವಾಸಿಯಾದ ಮೇಲೆ ಹೋದ ನಿದ್ದೆ

ಮೊದಲ ದಿನ ಅವರು ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು, ಬಟ್ಟೆ ಅಂಗಡಿಯ ಕೈಚೀಲ, ಅದರ ತುಂಬ ರಿಪೋರ್ಟು. ಇನ್ನೊಂದು, ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಮಂಡಿಯಲ್ಲಿ ಸರಕು ಬಂದದ್ದು ಹೋದದ್ದು ಬರೆಯುತ್ತಾರಲ್ಲ, ಅಂಥದ್ದು. ತೆಗೆದು ನೋಡಿದರೆ ಒಳಗೆ ಮೆಕ್ಕೆಜೋಳವೂ ಇಲ್ಲ, ಭತ್ತವೂ ಇಲ್ಲ. ತಾರೀಕು, ಗಂಟೆ, ನಾಡಿ, ಆಕ್ಸಿಜನ್, ಬಿಪಿ, ಪ್ಲೇಟ್‌ಲೆಟ್. ಹೆಚ್ಚುಕಡಿಮೆ ಐದು ತಿಂಗಳ ಲೆಕ್ಕ, ಒಂದು ದಿನವೂ ಬಿಟ್ಟಿಲ್ಲ. ಕೆಲವು ದಿನ ಇಪ್ಪತ್ತಕ್ಕೂ ಜಾಸ್ತಿ ಸಲ ಬರೆದಿದ್ದಾರೆ. ಅದರಲ್ಲಿ ತುಂಬಾ ಸಲ ರಾತ್ರಿ ಎರಡರ ಆಸುಪಾಸು.

ಆ ಎರಡು ಗಂಟೆಯನ್ನು ನಾನು ಅವತ್ತೇ ನೋಡಿದ್ದೆ. ಯಾಕೆ ಎಂದು ಕೇಳಿದ್ದು ಆರನೇ ಭೇಟಿಯಲ್ಲಿ. ಆ ಮಾತು ಮುಂದೆ ಬರುತ್ತದೆ.

ನಾನು ದಾವಣಗೆರೆಯಲ್ಲಿ ಒಬ್ಬ ವೈದ್ಯರ ಕ್ಲಿನಿಕ್ಕಿನಲ್ಲಿ ಆಪ್ತಸಮಾಲೋಚಕಿ. ಔಷಧಿ ಅವರದ್ದು, ಮಾತು ನನ್ನದು. ಈ ಪ್ರಕರಣವನ್ನು ಆ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು, ಮನೆಯ ವಿವರ, ಕೆಲವು ಅಂಕಿಗಳನ್ನು ಬದಲಿಸಿದ್ದೇನೆ. ಕೆಲಸವನ್ನು ಮಾತ್ರ ಬದಲಿಸಿಲ್ಲ. ಅದನ್ನು ತೆಗೆದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಈ ಊರಲ್ಲಿ ಲೆಕ್ಕ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಗುರುತು ಸಿಗುವ ಭಯ ಇಲ್ಲ.

ಹಿನ್ನೆಲೆ

ಹೆಸರು ಬೇಡ, ಗುಮಾಸ್ತರು ಎಂದೇ ಕರೆಯೋಣ. ವಯಸ್ಸು 46. ದಲ್ಲಾಳಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ನೋಡುತ್ತಾರೆ. ಸಂಜೆ ಹತ್ತು ರೂಪಾಯಿ ತಾಳೆಯಾಗದಿದ್ದರೆ ಅದು ಸಿಗುವವರೆಗೂ ಗಾದಿ ಬಿಟ್ಟು ಏಳದ ಮನುಷ್ಯ. ಸಾಹುಕಾರರು ಇವರನ್ನು ಇಷ್ಟು ವರ್ಷ ಇಟ್ಟುಕೊಂಡಿರುವುದೇ ಅದಕ್ಕೆ. ಮನೆಯಲ್ಲಿ ಹೆಂಡತಿ, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ. ತಂದೆ 52ನೇ ವಯಸ್ಸಿಗೆ ಎದೆನೋವು ಬಂದು ಹೋದವರು. ಅದನ್ನು ನನಗೆ ಹೇಳಿದ್ದು ಹೆಂಡತಿ. ಇವರು ಆಗ ಗೋಡೆ ಕಡೆ ನೋಡುತ್ತಿದ್ದರು.

ಜ್ವರಕ್ಕೆ ಮುಂಚೆ ನಿದ್ದೆಗೇನೂ ಕೊರತೆ ಇರಲಿಲ್ಲ. ಹತ್ತೂವರೆಗೆ ಮಲಗಿದರೆ ಐದೂವರೆಗೆ ಏಳೋದು. ಕುಂದುವಾಡ ಕೆರೆಗೆ ಹೋಗಿ ಒಂದು ಸುತ್ತು ವಾಕಿಂಗ್, ಬರುವಾಗ ಒಂದು ಟೀ.

2024ರ ಮಳೆಗಾಲದಲ್ಲಿ ರಾಜ್ಯದ ತುಂಬ ಡೆಂಗಿ ಎದ್ದಿತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ಇವರಿಗೆ ಬಂದದ್ದು ಅದಕ್ಕೂ ಮುಂಚೆ, ಆಗಸ್ಟ್‌ನಲ್ಲಿ. ಐದು ದಿನ ಆಸ್ಪತ್ರೆ. ಪ್ಲೇಟ್‌ಲೆಟ್ 1.10 ಲಕ್ಷದಿಂದ 62 ಸಾವಿರಕ್ಕೆ, ಅಲ್ಲಿಂದ 34 ಸಾವಿರಕ್ಕೆ ಇಳಿಯಿತು. ಆಮೇಲೆ ತಾನಾಗಿಯೇ ಏರಿತು. ರಕ್ತ ಹಾಕುವ ಪ್ರಸಂಗ ಬರಲಿಲ್ಲ. ನೆಂಟರು ಫೋನ್ ಮಾಡಿದರೆ ಹೇಗಿದ್ದಾರೆ ಅಂತ ಕೇಳುತ್ತಿರಲಿಲ್ಲವಂತೆ. "ಎಷ್ಟಾಯ್ತು?" ಅಂತ ಕೇಳುತ್ತಿದ್ದರಂತೆ. ಒಬ್ಬರು ಪಪ್ಪಾಯಿ ಎಲೆ ರಸ ತಂದರು, ಒಬ್ಬರು ಕಿವಿ ಹಣ್ಣು ತಂದರು. ಮರುದಿನ ಎರಡು ಸಾವಿರ ಏರಿದರೆ ಅದು ತಾವು ತಂದದ್ದರಿಂದಲೇ ಎಂದು ಇಬ್ಬರೂ ಹೇಳಿದರು.

ನಿದ್ದೆ ಕೆಟ್ಟ ಬಗೆ

ಮನೆಗೆ ಬಂದ ಮೊದಲ ವಾರ ಚೆನ್ನಾಗಿಯೇ ನಿದ್ದೆ ಬಂತು. ಆ ವಾರದ ಕೊನೆಗೆ ಒಂದು ರಾತ್ರಿ ಎಚ್ಚರವಾದಾಗ, ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೀರುವಿನಲ್ಲಿರುವುದು ನೆನಪಾಯಿತು. ಸುಮ್ನೆ ಬೆರಳಿಗೆ ಹಾಕಿ ನೋಡಿದರು. ಆಕ್ಸಿಜನ್ 98. ನಾಡಿ 52.

ಅರವತ್ತಕ್ಕಿಂತ ಕಡಿಮೆ ಇರಬಾರದು ಎಂದು ಎಲ್ಲೋ ಓದಿದ್ದರು. ಬ್ಯಾಟರಿ ಬದಲಿಸಿ ನೋಡಿದರು, ಬೇರೆ ಬೆರಳಿಗೆ ಹಾಕಿ ನೋಡಿದರು. 54, 51. ಹೆಂಡತಿಯನ್ನು ಎಬ್ಬಿಸಿ ಅವರ ಬೆರಳಿಗೂ ಹಾಕಿದರು. 78. ಆ ರಾತ್ರಿಯೇ ಆಟೋ ಹತ್ತಿ ಆಸ್ಪತ್ರೆಗೆ ಓಡಿದರು. ಇಸಿಜಿ ಮಾಡಿದರು. "ಡೆಂಗಿ ಆದ್ಮೇಲೆ ನಾಡಿ ಸ್ವಲ್ಪ ನಿಧಾನ ಆಗುತ್ತೆ, ಏನಿಲ್ಲ ಹೋಗಿ" ಎಂದು ಡ್ಯೂಟಿ ಡಾಕ್ಟರು ಕಳಿಸಿದರು.

ಆ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು. ಡೆಂಗಿಯಿಂದ ಚೇತರಿಸಿಕೊಳ್ಳುವಾಗ ಕೆಲವು ದಿನ ನಾಡಿ ನಿಧಾನವಾಗುವುದು ಗೊತ್ತಿರುವ ವಿಷಯ, ತಾನಾಗಿ ಸರಿಹೋಗುತ್ತದೆ. ಆದರೆ ನಮ್ಮ ಗುಮಾಸ್ತರ ಕಿವಿಗೆ ಬಿದ್ದದ್ದು ಕಾರಣ ಅಲ್ಲ, 'ಏನಿಲ್ಲ' ಅನ್ನೋ ಮಾತು. ಆ 'ಏನಿಲ್ಲ' ಎರಡು ರಾತ್ರಿಗೆ ಸಾಕಾಯಿತು. ಮೂರನೇ ರಾತ್ರಿ ಮತ್ತೆ ಆಕ್ಸಿಮೀಟರ್ ಹೊರಗೆ ಬಂತು. ಲೆಕ್ಕದ ಪುಸ್ತಕ ಶುರುವಾದದ್ದು ಅವತ್ತು.

ಆಮೇಲೆ ಒಂದಕ್ಕೊಂದು ಸೇರಿಕೊಂಡಿತು. ನಾಲ್ಕೈದು ದಿನಕ್ಕೊಮ್ಮೆ ತಾವೇ ಲ್ಯಾಬಿಗೆ ಹೋಗಿ ಪ್ಲೇಟ್‌ಲೆಟ್ ನೋಡಿಸಿಕೊಳ್ಳುವುದು. 2.4 ಲಕ್ಷ ಇದ್ದದ್ದು ಮುಂದಿನ ಸಲ 1.9 ಬಂತು. ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಎಷ್ಟಿದ್ದರೂ ಸರಿಯೇ, ದಿನದಿಂದ ದಿನಕ್ಕೆ ಅಷ್ಟಿಷ್ಟು ಹೆಚ್ಚುಕಡಿಮೆ ಆಗುವುದೂ ಸಹಜವೇ. ಆದರೆ ಲೆಕ್ಕದ ಮನುಷ್ಯನಿಗೆ ಅದು ಐವತ್ತು ಸಾವಿರ ನಷ್ಟ. ಎಲ್ಲಿ ಸೋರಿತು ಎಂದು ಹುಡುಕುತ್ತಾ ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ವಸಡಿನಿಂದ ರಕ್ತ ಬರುತ್ತಿದೆಯಾ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. ನವೆಂಬರ್‌ನಲ್ಲಿ ಕೂದಲು ಉದುರಿತು. ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಎಷ್ಟೋ ಜನರಿಗೆ ಆಗುತ್ತದೆ. ಅದನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನೂ ಎಣಿಸಿ ಬರೆದಿದ್ದಾರೆ.

ನಿದ್ದೆ ಕಡಿಮೆಯಾದಷ್ಟೂ ಮಲಗುವ ಹೊತ್ತು ಹೆಚ್ಚಿಸಿದರು. ಎಂಟೂವರೆಗೇ ಹಾಸಿಗೆ, ಬೆಳಿಗ್ಗೆ ಏಳರವರೆಗೂ ಅಲ್ಲೇ. ಹತ್ತೂವರೆ ಗಂಟೆ ಮಲಗಿದರೆ ನಿದ್ದೆ ಐದು ಗಂಟೆ. ಮಿಕ್ಕದ್ದು ಎದೆಬಡಿತ ಕೇಳಿಸಿಕೊಳ್ಳೋದು. ಮಧ್ಯಾಹ್ನ ಅಂಗಡಿಯಲ್ಲಿ ಮೂಟೆಗೆ ಒರಗಿ ಅರ್ಧ ಗಂಟೆ ತೂಕಡಿಕೆ. ವಾಕಿಂಗ್ ಬಿಟ್ಟರು, ಸುಸ್ತಾಗಿ ಹೃದಯಕ್ಕೆ ಭಾರವಾದೀತು ಅಂತ. ಪರಿಚಯದ ಮೆಡಿಕಲ್ ಶಾಪಿನಿಂದ ಆತಂಕ ಇಳಿಸಿ ನಿದ್ದೆ ಬರಿಸುವ ಅಲ್ಪ್ರಾಜೋಲಾಮ್ ಬಂತು. ಚೀಟಿ ಇಲ್ಲದೆ ಕೊಡುವಂತಿಲ್ಲದ ಮಾತ್ರೆ ಅದು. ಮೊದಲು ಅರ್ಧ, ಆಮೇಲೆ ಒಂದು. ಡಿಸೆಂಬರ್ ಹೊತ್ತಿಗೆ ಅದೂ ಸಾಲದಾಯಿತು.

ನಮ್ಮಲ್ಲಿಗೆ ಬರುವ ಮೊದಲು ಮನೆಯವರು ಸುಮ್ಮನೆ ಕೂತಿರಲಿಲ್ಲ. ಗಸಗಸೆ ಹಾಲು, ಅಂಗಾಲಿಗೆ ಹರಳೆಣ್ಣೆ, ಮಂಚದ ದಿಕ್ಕು ಬದಲಿಸಿದ್ದು, ದುಗ್ಗಮ್ಮನಿಗೆ ಹರಕೆ. ಮೂವರು ಡಾಕ್ಟರು, ಹೃದಯದ ಸ್ಕ್ಯಾನ್ ಅಂದರೆ ಎಕೋ ಎರಡು, ನಡೆಸುತ್ತಾ ಇಸಿಜಿ ತೆಗೆಯುವ ಟಿಎಂಟಿ ಒಂದು, ಥೈರಾಯ್ಡ್, ಸಕ್ಕರೆ. ಎಲ್ಲವೂ ನಾರ್ಮಲ್. ಇವರು ನನಗೆ ಹೇಳಿದ್ದು: "ಇದಿಲ್ಲ, ಅದಿಲ್ಲ ಅಂತ ಎಲ್ರೂ ಹೇಳಿದ್ರು ಮೇಡಂ. ಹಾಗಾದ್ರೆ ಇರೋದೇನು ಅಂತ ಒಬ್ರೂ ಹೇಳ್ಲಿಲ್ಲ."

ಆ ಮಾತನ್ನು ನಾನು ಅವರ ಫೈಲಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ.

ಮೊದಲ ತೀರ್ಮಾನಗಳು

ಇರೋದೇನು ಎಂದು ಹೇಳುವುದರಿಂದಲೇ ಶುರು ಮಾಡಿದೆವು. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ದಾಟಿದರೆ ದೀರ್ಘಕಾಲದ ನಿದ್ರಾಹೀನತೆ. ಇವರದ್ದು ಅದೇ. ಜೊತೆಗೆ ಆರೋಗ್ಯದ ಬಗ್ಗೆ ಅತಿಯಾದ ಆತಂಕ. ಎರಡಕ್ಕೂ ಹೆಸರಿದೆ, ಎರಡಕ್ಕೂ ದಾರಿ ಇದೆ. ಹೆಸರು ಕೇಳಿ ಅವರು ಸ್ವಲ್ಪ ಸಡಿಲವಾದರು.

ನಿದ್ದೆಯ ಬಗ್ಗೆ ಆರ್ಥರ್ ಸ್ಪೀಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಹೇಳಿದ ಒಂದು ಮಾತು ನನಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ನಿದ್ದೆ ಕೆಡಲು ಮೂರು ಬಗೆಯ ಕಾರಣ: ಮೊದಲೇ ಇದ್ದದ್ದು, ಕಿಡಿ ಹಚ್ಚಿದ್ದು, ಉರಿ ಆರದಂತೆ ನೋಡಿಕೊಂಡದ್ದು. ಇವರ ತಂದೆಯ ಸಾವು, ಲೆಕ್ಕ ತಾಳೆಯಾಗಲೇಬೇಕು ಅನ್ನೋ ಸ್ವಭಾವ, ಇವು ಮೊದಲೇ ಇದ್ದವು. ಡೆಂಗಿ ಕಿಡಿ. ಆ ಕಿಡಿ ಯಾವಾಗಲೋ ಆರಿತ್ತು. ಎಂಟೂವರೆಗೆ ಮಲಗುವುದು, ತೂಕಡಿಕೆ, ಆಕ್ಸಿಮೀಟರ್, ಲ್ಯಾಬು, ಇವೇ ಈಗ ಸೌದೆ. ತೆಗೆಯಲು ನಮ್ಮ ಕೈಗೆ ಸಿಗುವುದು ಸೌದೆ ಮಾತ್ರ.

ವೈದ್ಯರು ಎಲ್ಲ ರಿಪೋರ್ಟನ್ನೂ ಅವರ ಎದುರಿಗೇ ಒಂದೊಂದಾಗಿ ಓದಿದರು. ಮುಕ್ಕಾಲು ಗಂಟೆ ಹಿಡಿಯಿತು, ಹೊರಗೆ ಪೇಷಂಟುಗಳು ಗೊಣಗುತ್ತಿದ್ದರು. ಗೊರಕೆ, ಉಸಿರು ಕಟ್ಟುವುದು ಇದೆಯಾ ಎಂದು ಹೆಂಡತಿಯನ್ನು ಕೇಳಿದರು. ಕುಡಿತ, ಮಂಕು, ಬದುಕು ಬೇಡ ಅನ್ನಿಸುವುದು, ಎಲ್ಲ ಕೇಳಿದೆವು. ಇರಲಿಲ್ಲ. ಆಮೇಲೆ ಒಂದು ಹಾಳೆ ಬರೆದರು. ಜ್ವರ, ರಕ್ತಸ್ರಾವ, ನಡೆದರೆ ಬರುವ ಎದೆನೋವು, ಎದೆನೋವಿನ ಜೊತೆ ಬೆವರುವುದು, ಎಚ್ಚರ ತಪ್ಪುವುದು, ಉಸಿರಾಡಲು ಕಷ್ಟ, ಇವುಗಳಲ್ಲಿ ಯಾವುದಾದರೂ ಇದ್ದರೆ ಆ ಕ್ಷಣವೇ ಆಸ್ಪತ್ರೆ. ಬೇರೆ ಏನಿದ್ದರೂ ಮುಂದಿನ ಭೇಟಿಗೆ. ವೈದ್ಯರ ಭೇಟಿ ಮೂರು ವಾರಕ್ಕೊಮ್ಮೆ, ಆರಾಮಿದ್ದರೂ ಬರಬೇಕು, ಇಲ್ಲದಿದ್ದರೂ ಬರಬೇಕು. ಗಾಬರಿಯಾದಾಗ ಮಾತ್ರ ಡಾಕ್ಟರು ಸಿಗುವುದಾದರೆ ಗಾಬರಿಯೇ ಡಾಕ್ಟರನ್ನು ನೋಡುವ ಟಿಕೆಟ್ ಆಗಿಬಿಡುತ್ತದೆ, ಅಲ್ವಾ? ಆ ಟಿಕೆಟ್ಟನ್ನು ರದ್ದು ಮಾಡಬೇಕಿತ್ತು.

ನನ್ನ ಪಾಲಿಗೆ ಒಂದು ಸಣ್ಣ ಪ್ರಯೋಗ. ಕಣ್ಣು ಮುಚ್ಚಿ ಎಡಗಾಲಿನ ಹೆಬ್ಬೆರಳನ್ನೇ ಎರಡು ನಿಮಿಷ ಗಮನಿಸಿ ಎಂದೆ. ಒಂದೂವರೆ ನಿಮಿಷಕ್ಕೆ ಹುಬ್ಬು ಗಂಟಿಕ್ಕಿತು.

"ಜುಂ ಅಂತಿದೆ ಮೇಡಂ."

"ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇತ್ತಾ?"

"ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೇಳಿದ್ಮೇಲೆ ಬಂತು" ಎಂದರು. ಆಮೇಲೆ ಬಗ್ಗಿ ಬೆರಳನ್ನು ಮುಟ್ಟಿ ನೋಡಿಕೊಂಡರು. ಅವರ ಹೆಂಡತಿ ನಕ್ಕುಬಿಟ್ಟರು. ಅವರು ನಕ್ಕದ್ದು ತಿಂಗಳುಗಳ ನಂತರ ಎಂದು ಆಮೇಲೆ ಗೊತ್ತಾಯಿತು.

ನಾನು ಮಾಡಿದ ತಪ್ಪು

ನಿದ್ದೆಯ ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ನಿದ್ದೆಯ ದಿನಚರಿ. ಎಷ್ಟಕ್ಕೆ ಮಲಗಿದೆ, ಎಷ್ಟು ಸಲ ಎದ್ದೆ, ಒಟ್ಟು ಎಷ್ಟು ಹೊತ್ತು ನಿದ್ದೆ. ಎಲ್ಲರಿಗೂ ಕೊಡುತ್ತೇನೆ, ಇವರಿಗೂ ಕೊಟ್ಟೆ. ಎರಡು ವಾರ ಬಿಟ್ಟು ಬಂದವರು ತಂದದ್ದನ್ನು ನೋಡಿ ಮೊದಲ ಕ್ಷಣ ನನಗೆ ಖುಷಿಯೇ ಆಯಿತು. ಇಷ್ಟು ಅಚ್ಚುಕಟ್ಟಾಗಿ ಯಾರೂ ತುಂಬಿ ತಂದಿರಲಿಲ್ಲ. ಕೆಂಪು ಶಾಯಿಯ ಗೆರೆ, ಕಾಲಂ, ಪುಟದ ಕೊನೆಗೆ ಮೊತ್ತ. '11.42ರಿಂದ 12.07 ನಿದ್ದೆ. 12.07 ಎಚ್ಚರ. ನಾಡಿ 71. 12.31 ಅರೆನಿದ್ದೆ.'

ಜೊತೆಗೆ ಬಂದಿದ್ದ ಮಗಳು ಹೇಳಿದಳು: "ಅಪ್ಪ ಈಗ ಪೆನ್ನು ಹಿಡ್ಕೊಂಡೇ ಮಲಗ್ತಾರೆ ಆಂಟಿ."

ನಿದ್ದೆ ಐದರಿಂದ ನಾಲ್ಕು ಗಂಟೆಗೆ ಇಳಿದಿತ್ತು. ಇಳಿಯದೆ ಇನ್ನೇನು? 12.07 ಎಂದು ಬರೆಯಬೇಕಾದರೆ 12.07ಕ್ಕೆ ಮೊಬೈಲ್ ನೋಡಬೇಕು. ಅಳೆದು ಅಳೆದೇ ನಿದ್ದೆ ಕಳೆದುಕೊಂಡವರಿಗೆ ಅಳೆಯಲು ಹೊಸ ವಸ್ತು ಕೊಟ್ಟವಳು ನಾನು. ಪುಸ್ತಕ ಮೊದಲ ದಿನವೇ ಮೇಜಿನ ಮೇಲಿತ್ತು. ಅದನ್ನು ನೋಡಿಯೂ ಕೊಟ್ಟೆ. ಅಭ್ಯಾಸಬಲ ಎನ್ನುವುದು ಪೇಷಂಟುಗಳಿಗೆ ಮಾತ್ರ ಇರುವುದಲ್ಲ.

ತಪ್ಪು ನನ್ನದು ಎಂದು ಅವರಿಗೆ ನೇರವಾಗಿ ಹೇಳಿದೆ. ಆವತ್ತೇ ಎಲ್ಲ ಬದಲಿಸಿದೆವು. ರಾತ್ರಿ ಏನನ್ನೂ ಬರೆಯುವ ಹಾಗಿಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೆ ಅಂದಾಜಿನಲ್ಲಿ ಒಂದು ಸಾಲು, ನಿಮಿಷದ ಲೆಕ್ಕ ಬೇಡ, ಗಂಟೆ ಸಾಕು. ಮಲಗುವ ಕೋಣೆಯ ಗೋಡೆ ಗಡಿಯಾರ ಹೊರಗೆ. ಮೊಬೈಲ್ ಅಡುಗೆಮನೆಯಲ್ಲಿ. ಆಕ್ಸಿಮೀಟರ್ ಮತ್ತು ಬಿಪಿ ಮಷಿನ್ ಎಲ್ಲಿಡುವುದು ಎಂದು ಚರ್ಚೆ ನಡೆಯಿತು. ಮನೆಯಲ್ಲಿ ಎಲ್ಲಿಟ್ಟರೂ ಹುಡುಕಿ ತೆಗೆಯುತ್ತೇನೆ ಎಂದು ಅವರೇ ಒಪ್ಪಿಕೊಂಡರು. ಕೊನೆಗೆ ಅವರೇ ದಾರಿ ಹೇಳಿದರು: ಸಾಹುಕಾರರ ತಿಜೋರಿ. ಬೀಗದ ಕೈ ಸಾಹುಕಾರರ ಸೊಂಟದಲ್ಲಿ. ಕೇಳಬೇಕೆಂದರೆ ಕಾರಣ ಹೇಳಬೇಕು, ಆ ನಾಚಿಕೆ ಸಾಕಾಗುತ್ತದೆ ಎಂದರು.

'ಅಂದಾಜು' ಎಂಬ ಪದ ಬರೆಯಲು ಅವರಿಗೆ ಮೂರು ವಾರ ಬೇಕಾಯಿತು. ಮೊದಲ ವಾರ 'ಸು. 4.50 ಗಂಟೆ' ಎಂದು ಬರೆದಿದ್ದರು.

ಮಲಗಬೇಡ ಎನ್ನುವ ಚಿಕಿತ್ಸೆ

ಮಾತ್ರೆಗಿಂತ ಮೊದಲು ನಿದ್ದೆಯ ಅಭ್ಯಾಸ ತಿದ್ದುವ ಚಿಕಿತ್ಸೆಯನ್ನೇ ಕೊಡಬೇಕು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಹಾಸಿಗೆಯ ಹೊತ್ತನ್ನು ಕಡಿಮೆ ಮಾಡುವುದು. ಐದು ಗಂಟೆ ನಿದ್ದೆ ಬರುತ್ತಿದ್ದರೆ ಹಾಸಿಗೆಯ ಮೇಲೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಇವರಿಗೆ ರಾತ್ರಿ 12ರಿಂದ ಬೆಳಿಗ್ಗೆ 5.30 ಎಂದು ಗೊತ್ತು ಮಾಡಿದೆವು. ನಿದ್ದೆ ಬಾರದೆ ಹೊರಳಾಡುವ ಹಾಗಾದರೆ ಎದ್ದು ಪಡಸಾಲೆಗೆ ಬರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್ ಹೋಗಬೇಕು. ಹಗಲು ತೂಕಡಿಕೆ ಇಲ್ಲ. ಹಾಸಿಗೆಯ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆ ಒಂದು ವಾರ ಬಂದರೆ ಕಾಲು ಗಂಟೆ ಸೇರಿಸುವುದು.

"ನಿದ್ದೆ ಬರ್ತಿಲ್ಲ ಅಂತ ಬಂದವನಿಗೆ ಮಲಗಬೇಡ ಅಂತೀರಲ್ರಿ ಮೇಡಂ" ಎಂದರು. ಸಿಟ್ಟಿತ್ತು. ಸಿಟ್ಟಿನ ಕೆಳಗೆ ಭಯ. ನಿದ್ದೆ ಕಡಿಮೆಯಾದರೆ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದರು. ನಿದ್ದೆಗೆಟ್ಟ ರಾತ್ರಿಯೇ ಅವರ ಪಾಲಿಗೆ ಹೊಸ ಕಾಯಿಲೆ ಆಗಿತ್ತು. ನಾವು ಕೇಳುತ್ತಿದ್ದದ್ದು ಅದನ್ನೇ ಬೇಕೆಂದು ಮೈಮೇಲೆ ಹಾಕಿಕೊಳ್ಳಿ ಎಂದು. ಎರಡು ಭೇಟಿ ಇದರಲ್ಲೇ ಕಳೆಯಿತು. ಕೊನೆಗೆ ವೈದ್ಯರು ಹೇಳಿದ್ದು ಹಿಡಿಸಿತು: "ನೀವು ಈಗ ಮಲಗ್ತಿರೋದೇ ಐದು ಗಂಟೆ. ನಾನು ಒಂದು ನಿಮಿಷವೂ ಕಿತ್ಕೊಳ್ತಿಲ್ಲ. ಚೂರುಚೂರಾಗಿ ಬಿದ್ದಿರೋದನ್ನ ಒಂದೇ ಮೂಟೆ ಕಟ್ಟೋಣ ಅಂತಿದ್ದೀನಿ, ಅಷ್ಟೇ."

ಇದು ಎಲ್ಲರಿಗೂ ಹೊಂದುವ ಉಪಾಯ ಅಲ್ಲ. ಮೂರ್ಛೆರೋಗ ಇದ್ದವರು, ಮನಸ್ಸು ಅತಿಯಾಗಿ ಏರಿಳಿಯುವ ಬೈಪೋಲಾರ್ ಕಾಯಿಲೆ ಇದ್ದವರು, ಲಾರಿ ಬಸ್ಸು ಓಡಿಸುವವರು ಇದನ್ನು ಓದಿ ತಾವೇ ಶುರು ಮಾಡಬಾರದು. ಇವರಿಗೂ ಮೊದಲ ಮೂರು ವಾರ ಸ್ಕೂಟರ್ ಬೇಡ ಎಂದೆವು. ಮಗ ಸೈಕಲ್ಲಿನಲ್ಲಿ ಅಂಗಡಿಯವರೆಗೂ ಜೊತೆಗೆ ಬರುತ್ತಿದ್ದ, ಅಪ್ಪ ನಡೆಯುತ್ತಿದ್ದರು. ಬಿಟ್ಟುಹೋಗಿದ್ದ ವಾಕಿಂಗ್ ಹಾಗೆ ಹಿಂಬಾಗಿಲಿನಿಂದ ಒಳಗೆ ಬಂತು.

ಹನ್ನೆರಡರವರೆಗೆ ಏನು ಮಾಡೋದು? ಟಿವಿ ಬೇಡ, ಮೊಬೈಲ್ ಬೇಡ. ಅವರು ಮಕ್ಕಳ ಯೂನಿಫಾರಂ ಇಸ್ತ್ರಿ ಮಾಡಲು ಕೂತರು. ಎರಡನೇ ವಾರಕ್ಕೆ ಮನೆಯ ಎಲ್ಲ ಬಟ್ಟೆಯೂ ಮುಗಿದು ಪಕ್ಕದ ಮನೆಯದನ್ನು ಕೇಳುವ ಹಾಗಾಗಿತ್ತು.

ಅಲ್ಪ್ರಾಜೋಲಾಮ್ ಅನ್ನು ವೈದ್ಯರು ಆಗಲೇ ಮುಟ್ಟಲಿಲ್ಲ. ತಿಂಗಳುಗಟ್ಟಲೆ ತಗೊಂಡದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಎದೆಬಡಿತ, ನಡುಕ, ಇನ್ನೂ ಕೆಟ್ಟ ನಿದ್ದೆ ಬರುತ್ತದೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು.

ಹೆಂಡತಿಯ ಪಾಲು

ಐದು ತಿಂಗಳಿಂದ ರಾತ್ರಿ ಹತ್ತಾರು ಸಲ "ನಂಗೇನೂ ಆಗಲ್ಲ ಅಲ್ವಾ?" ಎಂದು ಅವರು ಕೇಳುತ್ತಿದ್ದರು. "ಏನೂ ಆಗಲ್ಲ, ಮಲ್ಕೊಳ್ರಿ" ಎಂದು ಇವರು ಹೇಳುತ್ತಿದ್ದರು. ಆ ಉತ್ತರ ಸಹ ಆಕ್ಸಿಮೀಟರ್ ಹಾಗೆಯೇ. ಹತ್ತು ನಿಮಿಷ ಸಮಾಧಾನ, ಆಮೇಲೆ ಮತ್ತೆ ಪ್ರಶ್ನೆ. ಇನ್ನು ಮೇಲೆ ಉತ್ತರ ಕೊಡಬೇಡಿ ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಗಂಡ ಎದೆ ಹಿಡ್ಕೊಂಡು ಕೂತಿರುವಾಗ ಸುಮ್ನೆ ಇರು ಅಂತೀರಾ? ನಿಮ್ ಮನೇಲಾದ್ರೆ ಇರ್ತೀರಾ?"

ಇಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ. ಹಾಗೆಂದು ಹೇಳಿದೆ. ಇಬ್ಬರೂ ಸೇರಿ ಬೇರೆ ಮಾತು ಹುಡುಕಿದೆವು. ಉತ್ತರ ಕೊಡಬಾರದು, ಆದರೆ ಜೊತೆಗಿರಬಹುದು. 'ಗಾಬರಿ ಬಂದಿದೆ, ಬನ್ನಿ ಹೊರಗೆ ಕೂತ್ಕೊಳ್ಳೋಣ.' ಇಷ್ಟೇ. ಹಾಳೆಯಲ್ಲಿ ಬರೆದ ಲಕ್ಷಣ ಯಾವುದೂ ಇಲ್ಲ ಎಂದು ಒಮ್ಮೆ ನೋಡಿಕೊಂಡರೆ ಸಾಕು, ಎರಡನೇ ಸಲ ನೋಡುವುದಿಲ್ಲ. ತಡೆಯಲಾರದಷ್ಟಾದರೆ ಎಂದು 14416 ಕೂಡ ಕೊಟ್ಟಿದ್ದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಒಂದೇ ಷರತ್ತು ಹಾಕಿದ್ದೆ: ಅಲ್ಲಿ 'ನನ್ನ ಹೃದಯ ಸರಿ ಇದೆಯಾ' ಎಂದು ಕೇಳಬಾರದು, 'ಈ ಗಾಬರಿ ಇಳಿಯೋವರೆಗೂ ಮಾತಾಡ್ತೀರಾ' ಎಂದು ಕೇಳಬೇಕು.

ಮೊದಲ ಎರಡು ರಾತ್ರಿ ಹೆಂಡತಿ ಸೋತರು, ಹಳೇ ಉತ್ತರವನ್ನೇ ಕೊಟ್ಟರು. ಒಂಬತ್ತನೇ ರಾತ್ರಿ ಇಬ್ಬರೂ ಮನೆಮುಂದಿನ ಕಟ್ಟೆಯ ಮೇಲೆ ಕೂತರು. ಅವರ ಎದೆ ಬಡಿಯುತ್ತಿತ್ತು, ಬಲಗೈ ಬೆರಳು ಎಡಗೈ ಮಣಿಕಟ್ಟಿಗೆ ಹೋಗುತ್ತಿತ್ತು. ಹೆಂಡತಿ ಆ ಕೈಯನ್ನೇ ಹಿಡಿದುಕೊಂಡರು. ಬೀದಿ ನಾಯಿ ಬಂದು ಕಾಲ ಹತ್ತಿರ ಮಲಗಿತು. ಎಷ್ಟು ಹೊತ್ತು ಕೂತಿದ್ದರೋ ಇಬ್ಬರಿಗೂ ಗೊತ್ತಿಲ್ಲ, ಗಡಿಯಾರ ಇರಲಿಲ್ಲ. ನಾಯಿಗಿಂತ ಮೊದಲು ತಮಗೇ ತೂಕಡಿಕೆ ಬಂತು ಎಂದು ಅವರು ಹೇಳಿದರು. ಅಳೆಯದೆಯೂ ಎದೆಬಡಿತ ಇಳಿಯುತ್ತದೆ ಎಂದು ಅವರಿಗೆ ಗೊತ್ತಾದದ್ದು ಆ ರಾತ್ರಿ. ನಾನು ಹತ್ತು ಸಲ ಹೇಳಿದ್ದರೂ ಅದು ಒಳಗೆ ಇಳಿದಿರಲಿಲ್ಲ.

ಎರಡು ಗಂಟೆ

ಆರನೇ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸುತ್ತಿತ್ತು. ಆದರೆ ರಾತ್ರಿ ಎರಡಕ್ಕೆ ಎಚ್ಚರವಾಗುವುದು ಹೋಗಿರಲಿಲ್ಲ. ಮಧ್ಯರಾತ್ರಿ ಒಮ್ಮೆ ಎಚ್ಚರವಾಗುವುದು ಎಲ್ಲರಿಗೂ ಇದೆ ಎಂದುಕೊಂಡು ಅಷ್ಟು ದಿನ ಬಿಟ್ಟಿದ್ದೆ. ಅವತ್ತು ಕೇಳಿದೆ. ಎರಡೇ ಯಾಕೆ?

ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಪಕ್ಕದ ಮಂಚದವರ ವಿಷಯ ಬಂತು. ಆಸ್ಪತ್ರೆಯ ಮೂರನೇ ರಾತ್ರಿ, ಎರಡು ಗಂಟೆಗೆ, ಆ ಮನುಷ್ಯನನ್ನು ಸ್ಟ್ರೆಚರ್ ಮೇಲೆ ಹಾಕಿಕೊಂಡು ಹೋದರು. ಬೆಳಿಗ್ಗೆ ಮಂಚಕ್ಕೆ ಹೊಸ ಬೆಡ್‌ಶೀಟ್ ಬಂತು. ಏನಾಯಿತು ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

"ಅವ್ರಿಗೆ 41 ಸಾವಿರ ಇತ್ತು ಮೇಡಂ. ನನಗೆ 34. ನಂದೇ ಕಡಿಮೆ ಇದ್ದದ್ದು. ಆದ್ರೂ ಅವ್ರನ್ನ ಎತ್ಕೊಂಡು ಹೋದ್ರು. ಲೆಕ್ಕ ಎಲ್ಲಿ ತಪ್ಪಿತು ಅಂತ ನಾನು ಇವತ್ತಿಗೂ ನೋಡ್ತಾನೇ ಇದ್ದೀನಿ."

ಐದು ತಿಂಗಳ ಪುಸ್ತಕದ ಹಿಂದೆ ಇದ್ದದ್ದು ಈ ಒಂದು ತಾಳೆಯಾಗದ ಲೆಕ್ಕ. ನಾನು ಅದನ್ನು ಸಾವಿನ ಭಯ ಎಂದುಕೊಂಡಿದ್ದೆ. ಭಯ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅಂಕಿ ಮೋಸ ಮಾಡಿತು ಎನ್ನುವುದು ಅವರನ್ನು ಕೊರೆಯುತ್ತಿತ್ತು. 'ನಿಮ್ಮ ರಿಪೋರ್ಟು ಚೆನ್ನಾಗಿದೆ' ಎಂದರೆ ಅವರಿಗೆ ಸಮಾಧಾನವಾಗದೆ ಇದ್ದದ್ದು ಇದಕ್ಕೇ. ಪಕ್ಕದವರ ರಿಪೋರ್ಟು ಇವರದ್ದಕ್ಕಿಂತ ಚೆನ್ನಾಗಿತ್ತಲ್ಲ!

ವೈದ್ಯರನ್ನು ಒಳಗೆ ಕರೆದೆ. ಅವರು ಹಾಳೆಯ ಮೇಲೆ ರಕ್ತನಾಳದ ಚಿತ್ರ ಬಿಡಿಸಿದರು. ಡೆಂಗಿಯಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಎಣಿಸುತ್ತಾರೆ, ಆದರೆ ಜೀವಕ್ಕೆ ಕುತ್ತು ಹೆಚ್ಚಾಗಿ ಬರುವುದು ರಕ್ತದ ನೀರಿನಂಶ ನಾಳದಿಂದ ಹೊರಗೆ ಸೋರಿದಾಗ. ಬಿಪಿ ಬೀಳುತ್ತದೆ. ಅದು ಜ್ವರ ಇಳಿಯುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಅದಕ್ಕೇ ಆಗ ಡಾಕ್ಟರುಗಳು ಬಿಪಿ, ಮೂತ್ರ, ಹೊಟ್ಟೆನೋವು, ವಾಂತಿ, ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಹೆಮಟೋಕ್ರಿಟ್ ನೋಡುತ್ತಾರೆ. ಪಕ್ಕದವರಿಗೆ ಏನಾಯಿತೋ ನಮಗೆ ಗೊತ್ತಿಲ್ಲ, ಆದರೆ 41 ಮತ್ತು 34ನ್ನು ಪಕ್ಕಪಕ್ಕ ಇಟ್ಟು ಯಾರು ಉಳಿಯುತ್ತಾರೆ ಎಂದು ಹೇಳಲು ಬರುವುದಿಲ್ಲ.

"ಹಾಗಾದ್ರೆ ನಾನು ಇಷ್ಟು ದಿನ ಬೇರೆಯವ್ರ ಖಾತೆ ಬರೀತಾ ಕೂತಿದ್ನಾ?" ಎಂದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು.

ಇಲ್ಲಿಗೆ ಮುಗಿಯಿತು ಎಂದು ನೀವು ಅಂದುಕೊಂಡರೆ, ನಾನೂ ಹಾಗೇ ಅಂದುಕೊಂಡಿದ್ದೆ. ಬಾಗಿಲವರೆಗೆ ಹೋದವರು ತಿರುಗಿ ಕೇಳಿದರು: "ಈ ಹೆಮಟೋಕ್ರಿಟ್ ಮನೇಲೇ ನೋಡೋ ಮಷಿನ್ ಬರುತ್ತಾ ಸರ್?"

ಮತ್ತೆ ಜಾರಿದ್ದು, ಈಗ ಇರುವುದು

ಒಂಬತ್ತನೇ ವಾರದಲ್ಲಿ ಮಂಡಿಯಲ್ಲಿ ಒಬ್ಬ ಹಮಾಲರು ಕುಸಿದು ತೀರಿಕೊಂಡರು. ಇವರು ಯಾರಿಗೂ ಹೇಳದೆ ಹೋಗಿ ಇನ್ನೊಂದು ಟಿಎಂಟಿ ಮಾಡಿಸಿಕೊಂಡರು. ಆರು ರಾತ್ರಿ ಹಾಳಾಯಿತು. ಏಳನೇ ದಿನ ತಾವಾಗಿಯೇ ರಿಪೋರ್ಟು ತಂದು ಮೇಜಿನ ಮೇಲಿಟ್ಟರು. ವೈದ್ಯರು ಅದನ್ನು ತೆರೆಯಲೇ ಇಲ್ಲ. "ಹಾಸಿಗೆಯ ಹೊತ್ತು ಅದೇ ಇರಲಿ" ಎಂದು ಮಾತ್ರ ಹೇಳಿದರು. ತೆರೆದು 'ನಾರ್ಮಲ್' ಎಂದಿದ್ದರೆ ಮತ್ತೆ ಮೊದಲಿನ ಜಾಗಕ್ಕೇ ಬರುತ್ತಿದ್ದೆವು. ತೆರೆಯದೆ ಇದ್ದದ್ದು ಸರಿಯೋ ತಪ್ಪೋ ಎಂದು ನಾವಿಬ್ಬರೂ ಆಮೇಲೆ ವಾದ ಮಾಡಿದ್ದೇವೆ. ನನಗೆ ಈಗಲೂ ಅರ್ಧ ಅನುಮಾನ. ಆದರೆ ಮುಂದಿನ ವಾರ ನಿದ್ದೆ ವಾಪಸ್ ಬಂತು.

ಇಂಥವರು ಸಿಕ್ಕಿದರೆ ಈಗ ನಾನು ಮಾಡುವುದು ಬೇರೆ. ಆಸ್ಪತ್ರೆಯಲ್ಲಿ ಏನು ನೋಡಿದಿರಿ ಎಂದು ಮೊದಲ ದಿನವೇ ಕೇಳುತ್ತೇನೆ. ಅವರಿಗೆ ಏನಾಯಿತು ಅನ್ನೋದರ ಜೊತೆಗೆ ಅಕ್ಕಪಕ್ಕದಲ್ಲಿ ಏನಾಯಿತು ಅನ್ನೋದನ್ನೂ ಕೇಳುತ್ತೇನೆ. ಅಳೆಯುವವರ ಕೈಗೆ ದಿನಚರಿ ಕೊಡುವುದಿಲ್ಲ, ಮನೆಯವರನ್ನು ಕೇಳಿ ನಾನೇ ಬರೆದುಕೊಳ್ಳುತ್ತೇನೆ. ಉತ್ತರ ಕೊಡಬೇಡಿ ಎಂದು ಹೆಂಡತಿಗೆ ಹೇಳುವ ಮೊದಲು ಏನು ಹೇಳಬಹುದು ಎನ್ನುವುದನ್ನು ಕೈಗೆ ಕೊಡುತ್ತೇನೆ. ನಿದ್ದೆ ಮೊದಲಾ ಆತಂಕ ಮೊದಲಾ ಎಂದು ನಾನೂ ವೈದ್ಯರೂ ಆರಂಭದಲ್ಲಿ ಚರ್ಚೆ ಮಾಡಿದ್ದು ವ್ಯರ್ಥ. ಇವರಲ್ಲಿ ಎರಡರ ಬೇರೂ ಆ ಪುಸ್ತಕದಲ್ಲೇ ಇತ್ತು.

ಹದಿನಾಲ್ಕು ವಾರದ ಹೊತ್ತಿಗೆ ಅವರು ಹನ್ನೊಂದಕ್ಕೆ ಮಲಗಿ ಐದೂವರೆಗೆ ಏಳುತ್ತಿದ್ದರು. ಅಂದಾಜು ಆರು ಗಂಟೆ ನಿದ್ದೆ. ವಾರಕ್ಕೆ ಒಂದು ಕೆಟ್ಟ ರಾತ್ರಿ ಇದ್ದೇ ಇದೆ. ಮಾತ್ರೆ ನಿಂತಿದೆ. ಕುಂದುವಾಡ ಕೆರೆಗೆ ಹೋಗುತ್ತಾರೆ. ಮಾತಾಡುವಾಗ ಬೆರಳು ಈಗಲೂ ಮಣಿಕಟ್ಟಿಗೆ ಹೋಗುತ್ತದೆ, ಹೋದದ್ದು ಗೊತ್ತಾಗಿ ತೆಗೆಯುತ್ತಾರೆ. ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಇನ್ನೂ ಹೋಗಿಲ್ಲ. ಪಕ್ಕದ ಮಂಚದವರು ಏನಾದರು ಎಂದು ವಿಚಾರಿಸಬೇಕೋ ಬೇಡವೋ ಎನ್ನುವುದನ್ನು ಅವರಿಗೇ ಬಿಟ್ಟಿದ್ದೇನೆ. ಇನ್ನೂ ವಿಚಾರಿಸಿಲ್ಲ.

ಮುಂದಿನ ಭೇಟಿಯನ್ನು ಬೇಕೆಂದೇ ಜುಲೈಗೆ ಇಟ್ಟೆವು. ಮಳೆ ಹಿಡಿದಿರುತ್ತದೆ, ಊರಲ್ಲಿ ಮತ್ತೆ ಡೆಂಗಿ ಸುದ್ದಿ ಎದ್ದಿರುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲ ದಿನವೇ ಡಾಕ್ಟರಿಗೆ ತೋರಿಸುವುದು, ಯಾವ ಟೆಸ್ಟು ಯಾವಾಗ ಎಂದು ಡಾಕ್ಟರೇ ಹೇಳುವುದು, ಹೂವಿನ ಕುಂಡದ ನೀರು ವಾರಕ್ಕೊಮ್ಮೆ ಚೆಲ್ಲುವುದು ಮಗನ ಕೆಲಸ, ಹೀಗೆ ಒಂದು ಹಾಳೆ ಬರೆದುಕೊಂಡಿದ್ದಾರೆ. ಅವರದೇ ಅಕ್ಷರ, ಕೆಂಪು ಗೆರೆ ಹಾಕಿಲ್ಲ.

ಹೊರಡುವಾಗ ಒಂದು ಮಾತು ಹೇಳಿದರು. ವರ್ಷದ ಲೆಕ್ಕ ಮುಗಿಸಿ ತಿಜೋರಿ ಒರೆಸುವಾಗ ಸಾಹುಕಾರರು ಆ ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿ, "ಇದನ್ನ ಯಾವಾಗ ತಗೊಂಡು ಹೋಗ್ತೀಯಪ್ಪಾ?" ಅಂದರಂತೆ. "ಮಳೆಗಾಲ ಮುಗೀಲಿ ಸಾಹುಕಾರ್ರೇ, ಅಲ್ಲೇ ಇರ್ಲಿ" ಎಂದು ಹೇಳಿ ಬಂದಿದ್ದಾರೆ.